ಮಳೆ ಹಿಡಿಯುವ ಮೊದಲು ಹಿತ್ತಲ ಬೇಲಿ ಗಟ್ಟಿ ಮಾಡಿಕೊಳ್ಳಿ

ಮಲೆನಾಡು, ಕರಾವಳಿಯ ಬೇಲಿಗೆ ಕಷ್ಟಕಾಲ ಅಂದರೆ ಮಳೆಗಾಲವೇ. ಜೂನ್ ಮೊದಲ ವಾರ ಮುಂಗಾರು ಹಿಡಿಯಿತು ಅಂದರೆ ಸೆಪ್ಟೆಂಬರ್‌ವರೆಗೆ ನೆಲ ಸರಿಯಾಗಿ ಒಣಗುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟುವ ಮಳೆಯಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಆರಿದ್ರಾ ಮಳೆಯ ಗಾಳಿಗೆ ಬೇಲಿ ಮಲಗಿತೋ, ಬೆಳಗಾಗುವುದರೊಳಗೆ ದನ ನುಗ್ಗಿರುತ್ತವೆ, ಹಂದಿ ಬಂದು ಕೆಸು, ಗೆಣಸು ಎಲ್ಲ ಅಗೆದು ಹಾಕಿರುತ್ತದೆ. ಆಗ ಕೆಸರಲ್ಲಿ ಕಂಬ ನೆಟ್ಟರೆ ನಿಲ್ಲುವುದಿಲ್ಲ. ಕೆಲಸಕ್ಕೆ ಜನವೂ ಸಿಗುವುದಿಲ್ಲ, ಎಲ್ಲರೂ ಗದ್ದೆ ನಾಟಿ, ಅಡಿಕೆಗೆ ಔಷಧಿ ಹೊಡೆಯುವ ಗಡಿಬಿಡಿಯಲ್ಲಿ ಇರುತ್ತಾರೆ.

ಹಾಗಾಗಿ ಮೇ ತಿಂಗಳಲ್ಲೇ ಈ ಕೆಲಸ ಮುಗಿಸಿ. ಒಂದೆರಡು ಅಡ್ಡಮಳೆ ಬಿದ್ದ ಮೇಲೆ ನೆಲ ಮೆತ್ತಗಾಗಿ ಹಾರೆ ಸುಲಭವಾಗಿ ಇಳಿಯುತ್ತದೆ. ನಡುವೆ ಬಿಸಿಲೂ ಇರುವುದರಿಂದ ಬಣ್ಣ, ಡಾಂಬರು ಒಣಗುತ್ತವೆ.

ಮೊದಲು ಬುಡ ನೋಡಿ

ಬೇಲಿ ಅಂದಕೂಡಲೇ ಜನ ತಂತಿಗೆ, ಮುಳ್ಳಿಗೆ ದುಡ್ಡು ಹಾಕುತ್ತಾರೆ. ನನ್ನ ಪ್ರಕಾರ ದುಡ್ಡು, ಶ್ರಮ ಎರಡೂ ಮೊದಲು ಹೋಗಬೇಕಾದ್ದು ಕಂಬದ ಬುಡಕ್ಕೆ.

ಬೇಲಿಯ ಉದ್ದಕ್ಕೂ ನಡೆದು ಒಂದೊಂದೇ ಮರದ ಗೂಟ ಹಿಡಿದು ಅಲ್ಲಾಡಿಸಿ. ಅಲ್ಲಾಡದಿದ್ದರೂ ನಂಬಬೇಡಿ. ಬುಡದ ಮಣ್ಣನ್ನು ಒಂದು ಗೇಣಿನಷ್ಟು ಬಿಡಿಸಿ, ಸರಿಯಾಗಿ ನೆಲದ ಮಟ್ಟದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗಟ್ಟಿ ಮರವಾದರೆ ತುದಿ ಮಾತ್ರ ಕಚ್ಚುತ್ತದೆ. ಒತ್ತಿದ ಹಾಗೆಲ್ಲ ಒಳಗೆ ಹೋಯಿತು, ಎಳೆದಾಗ ಒದ್ದೆ ಪುಡಿ ಬಂತು ಅಂದರೆ ಆ ಗೂಟದ ಆಯಸ್ಸು ಮುಗಿದಿದೆ. ಎಷ್ಟೋ ಸಲ ಮೇಲೂ ಗಟ್ಟಿ, ನೆಲದ ಒಳಗಿನ ತುದಿಯೂ ಗಟ್ಟಿ, ನೆಲದ ಮಟ್ಟದ ಆ ನಾಲ್ಕು ಬೆರಳಿನಷ್ಟು ಜಾಗ ಮಾತ್ರ ಲಡ್ಡಾಗಿರುತ್ತದೆ. ಮರ ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಆಳದಲ್ಲಿ ಗಾಳಿ ಕಡಿಮೆ, ಮೇಲೆ ತೇವ ಬೇಗ ಆರುತ್ತದೆ. ಎರಡೂ ಒಟ್ಟಿಗೆ ಸಿಗುವುದು ನೆಲದ ಮಟ್ಟದಲ್ಲೇ. ವರಲೆ, ಅಂದರೆ ಗೆದ್ದಲು, ಹತ್ತುವುದೂ ಅಲ್ಲಿಂದಲೇ.

ಗೂಟ ನೆಡುವ ಕ್ರಮ

ಹೊಸ ಗೂಟ ನೆಡುವುದಾದರೆ ಉದ್ದದ ಮೂರನೇ ಒಂದು ಭಾಗ ನೆಲದೊಳಗೆ ಇರಲಿ. 6 ಅಡಿಯ ಗೂಟಕ್ಕೆ 2 ಅಡಿ ಗುಂಡಿ. ನೆಡುವ ಮೊದಲು ಸಿಪ್ಪೆ ಕೆತ್ತಿ, ಚೆನ್ನಾಗಿ ಒಣಗಿಸಿ, ಆಮೇಲೆ ಬುಡಕ್ಕೆ ಡಾಂಬರು ಅಥವಾ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ. ನೆಲದ ಮೇಲೂ ಅರ್ಧ ಅಡಿ ಬರುವ ಹಾಗೆ ಬಳಿಯಬೇಕು, ಕೊಳೆಯುವ ಜಾಗ ಅದೇ ಅಲ್ವಾ? ಹಸಿ ಮರಕ್ಕೆ ಮಾತ್ರ ಬಳಿಯಬೇಡಿ. ಒಳಗಿನ ನೀರು ಹೊರಗೆ ಬರಲಾಗದೆ ಮರ ಇನ್ನೂ ಬೇಗ ಕೊಳೆಯುತ್ತದೆ. ಗೇರೆಣ್ಣೆ ಮೈಗೆ ತಾಗಿದರೆ ಸುಟ್ಟು ಬೊಕ್ಕೆ ಬರುತ್ತದೆ. ಕೈಗವಸು ಹಾಕದೆ ಅದನ್ನು ಮುಟ್ಟಲೇಬೇಡಿ.

ಗುಂಡಿಗೆ ಮಣ್ಣನ್ನು ಒಂದೇ ಸಲ ತುಂಬಬಾರದು. ಅರ್ಧ ಅಡಿ ಮಣ್ಣು, ಸ್ವಲ್ಪ ಜಲ್ಲಿ ಹಾಕಿ, ಹಾರೆಯ ಹಿಂಬದಿಯಿಂದ ಸುತ್ತಲೂ ಗುದ್ದಿ, ಮತ್ತೆ ತುಂಬಿ. ಕೊನೆಯಲ್ಲಿ ಬುಡದ ಸುತ್ತ ಮಣ್ಣನ್ನು ದಿಬ್ಬದ ಹಾಗೆ ಏರಿಸಿ, ನೀರು ಹೊರಗೆ ಹರಿದು ಹೋಗಬೇಕು. ಬುಡಕ್ಕೆ ಕಾಂಕ್ರೀಟ್ ಹಾಕಿಸುವವರಿಗೂ ಇದೇ ಮಾತು. ಕಾಂಕ್ರೀಟ್ ನಡುವೆ ತಗ್ಗಾಗಿದ್ದರೆ ಮರ ಇಡೀ ಮಳೆಗಾಲ ನೀರಲ್ಲಿ ನಿಂತ ಲೆಕ್ಕ.

ಮೂಲೆ ಕಂಬಗಳ ಮೇಲೆ ತಂತಿಯ ಎಳೆತ ಜಾಸ್ತಿ. ಅವಕ್ಕೆ ಕಲ್ಲುಕಂಬ ಹಾಕುವುದು ಒಳ್ಳೆಯದು. ಎಳೆತ ಇರುವ ಕಡೆಗೆ ಓರೆಯಾಗಿ ಸಪೋರ್ಟ್ ಕಂಬ ಕೊಡಲೇಬೇಕು.

ನೀರಿನ ದಾರಿ

ಬೇಲಿಯ ಹೊರಗೆ ಅಗಳು, ಅಂದರೆ ಉದ್ದದ ಕಂದಕ, ಇದ್ದರೆ ಅದರಲ್ಲಿ ತುಂಬಿದ ಮಣ್ಣು, ತರಗೆಲೆ ಎತ್ತಿಸಿ. ಎತ್ತಿದ ಮಣ್ಣನ್ನು ಬೇಲಿಯ ಬುಡದ ಏರಿಗೇ ಹಾಕಿದರೆ ಏರಿಯೂ ಎತ್ತರವಾಗುತ್ತದೆ. ಅಗಳು ತುಂಬಿದ್ದರೆ ಮೇಲಿನ ನೀರು ಬೇಲಿಯ ಮೇಲೇ ಹಾದು ಗೂಟದ ಬುಡ ಕೊರೆಯುತ್ತದೆ. ಧರೆಯ, ಅಂದರೆ ಕಡಿದಾದ ಮಣ್ಣಿನ ದಂಡೆಯ, ಅಂಚಿನಲ್ಲಿ ಬೇಲಿ ಇದ್ದವರು ಹೊಸ ಗೂಟವನ್ನು ಅಂಚಿನಿಂದ ಒಂದೆರಡು ಅಡಿ ಒಳಗೆ ನೆಡಿ. ಜಾಗ ಸ್ವಲ್ಪ ಹೋದರೂ ಚಿಂತೆ ಇಲ್ಲ, ಅಂಚಿನಲ್ಲಿ ಗುಂಡಿ ತೋಡಿದರೆ ಅದರೊಳಗೇ ನೀರಿಳಿದು ಧರೆ ಕುಸಿಯುತ್ತದೆ. ಕಲ್ಲಿನ ಪಾಗಾರ ಇದ್ದರೆ ನೀರು ಹೊರಹೋಗಲು ಬಿಟ್ಟ ತೂತುಗಳಲ್ಲಿ ಕೋಲು ಆಡಿಸಿ, ಮಣ್ಣು ಕಟ್ಟಿದ್ದನ್ನು ಬಿಡಿಸಿ.

ಜೀವಂತ ಬೇಲಿ

ಒಣ ಗೂಟಕ್ಕಿಂತ ಬದುಕುವ ಗೂಟವೇ ನನಗೆ ಮೆಚ್ಚು. ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಇದಕ್ಕೆ ಹೇಳಿ ಮಾಡಿಸಿದ್ದು. ಮಣಿಕಟ್ಟಿನಷ್ಟು ದಪ್ಪದ, 5–6 ಅಡಿ ಉದ್ದದ ಬಲಿತ ಕೊಂಬೆ ತೆಗೆದುಕೊಳ್ಳಿ. ಬುಡ, ತುದಿ ಅದಲುಬದಲಾಗದಂತೆ ಬುಡವನ್ನು ಓರೆಯಾಗಿ ಕಡಿದು, ಮೊದಲ ಮಳೆಗೆ ಒಂದೂವರೆ ಅಡಿ ಆಳಕ್ಕೆ ನೆಡಿ. ಗುದ್ದಿ ಇಳಿಸಬೇಡಿ, ಸಿಪ್ಪೆ ಜಾರಿದರೆ ಬೇರು ಬರುವುದಿಲ್ಲ. ಹಾರೆಯಲ್ಲಿ ತೂತು ಮಾಡಿ ಇಳಿಸಿ. ಸೊಪ್ಪು ತೋಟಕ್ಕೆ ಒಳ್ಳೆಯ ಹಸಿರು ಗೊಬ್ಬರ. ನಡುವೆ ದಾಸವಾಳ, ಲಕ್ಕಿ, ಆಡುಸೋಗೆ ಕಡ್ಡಿ ಊರಿದರೆ ಸಂದು ಮುಚ್ಚುತ್ತದೆ. ಆಡುಸೋಗೆಯ ಕಹಿಗೆ ದನ ಬಾಯಿ ಹಾಕುವುದಿಲ್ಲ.

ಹಳೆಯ ಸಾಲಿದ್ದರೆ ಮೇ ತಿಂಗಳಲ್ಲೇ ತಲೆ ಸವರಿ. ಮಳೆಯಲ್ಲಿ ನೆನೆದ ದಟ್ಟ ಸೊಪ್ಪು ಗಾಳಿ ಹಿಡಿದು ಗಿಡವನ್ನೇ ಬುಡಸಮೇತ ಎತ್ತುತ್ತದೆ. ಬದುಕಿರುವ ಗಿಡಕ್ಕೆ ತಂತಿಯನ್ನು ಬಿಗಿದು ಸುತ್ತಬೇಡಿ, ಗಿಡ ದಪ್ಪವಾದ ಹಾಗೆ ತಂತಿ ಒಳಗೆ ಹೂತು ಹೋಗುತ್ತದೆ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಸಡಿಲವಾಗಿ ಕಟ್ಟಿ, ಗಿಡ ಬೆಳೆದಂತೆ ಅದು ಹಿಗ್ಗುತ್ತದೆ.

ತಂತಿ, ಗೇಟು, ದಣಪೆ

ಮುಳ್ಳುತಂತಿ ಕೊಳ್ಳುವಾಗ ಜಿ.ಐ. ತಂತಿಯನ್ನೇ ಕೇಳಿ. ಮೇಲಿನ ಸತುವಿನ ಲೇಪವೇ ತುಕ್ಕನ್ನು ತಡೆಯುವುದು. ತುಕ್ಕು ಹಿಡಿದು ಸಣ್ಣಗಾದ ತಂತಿಯನ್ನು ಎಳೆದು ಬಿಗಿ ಮಾಡಲು ಹೋಗಬೇಡಿ, ತುಂಡಾಗಿ ಮುಖಕ್ಕೆ ಹೊಡೆಯುತ್ತದೆ. ಅಷ್ಟು ಭಾಗ ಕತ್ತರಿಸಿ ಹೊಸದು ಸೇರಿಸಿ.

ಕಬ್ಬಿಣದ ಗೇಟಿನ ತುಕ್ಕನ್ನು ಉಜ್ಜುಕಾಗದದಲ್ಲಿ ತೆಗೆದು, ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮೇಲೆ ಬಣ್ಣ ಬಳಿಯಿರಿ. ಕೀಲಿಗೆ ಗ್ರೀಸ್ ಹಾಕಿ. ದಣಪೆ, ಅಂದರೆ ಅಡ್ಡ ಗಳುಗಳನ್ನು ಸರಿಸಿ ದಾಟುವ ಬಾಗಿಲು, ಇದ್ದವರು ಎಲ್ಲಕ್ಕಿಂತ ಕೆಳಗಿನ ಗಳು ಬದಲಾಯಿಸಿದರೆ ಸಾಕು, ಕೆಸರು ಸಿಡಿದು ಮೊದಲು ಹಾಳಾಗುವುದು ಅದೇ.

ಕೈಗವಸು, ಗಮ್‌ಬೂಟು ಇಲ್ಲದೆ ಹಳೆಯ ಬೇಲಿ ಕೀಳಬೇಡಿ. ಒಣಗಿದ ಮುಳ್ಳಿನ ರಾಶಿಯಡಿ ಕೊಳಕುಮಂಡಲ ಮಲಗಿರಬಹುದು. ಮೊದಲು ಉದ್ದದ ಕೋಲಿನಿಂದ ಅಲುಗಿಸಿ. ತುಕ್ಕು ತಂತಿ ಗೀರಿದರೆ ಸುಮ್ನೆ ಬಿಡದೆ ಡಾಕ್ಟರ ಹತ್ತಿರ ಹೋಗಿ ಟಿ.ಟಿ. ಇಂಜೆಕ್ಷನ್ ಬೇಕೇ ಎಂದು ಕೇಳಿ.

ಮಳೆ ಹಿಡಿದ ಮೇಲೆ

ದೊಡ್ಡ ಗಾಳಿ ಬಂದುಹೋದ ಮರುದಿನ ಒಂದು ಸುತ್ತು ಹಾಕಿ. ವಾಲಿದ ಗೂಟವನ್ನು ಅಂದೇ ನೆಟ್ಟಗೆ ಮಾಡಿ ಕಲ್ಲು ಗುದ್ದಿ. ಒಂದು ವಾಲಿದರೆ ಅದರ ಭಾರ ಪಕ್ಕದ ಎರಡರ ಮೇಲೆ ಬೀಳುತ್ತದೆ. ಬೇಲಿಗೆ ಹೀರೆ, ಹಾಗಲ ಹಬ್ಬಿಸುವ ಆಸೆ ಇದ್ದರೆ ಬೇಸಿಗೆಗೆ ಇಟ್ಟುಕೊಳ್ಳಿ. ಮಳೆಗಾಲದ ಬಳ್ಳಿಗೆ ಬೇರೆ ಚಪ್ಪರವೇ ಸರಿ. ಸೋಲಾರ್ ಬೇಲಿಯ ತಂತಿಗೆ ಹುಲ್ಲು, ಬಳ್ಳಿ ತಾಗದ ಹಾಗೆ ಆಗಾಗ ಸವರಿ, ಇಲ್ಲದಿದ್ದರೆ ಕರೆಂಟ್ ನೆಲಕ್ಕೆ ಸೋರಿ ಬೇಲಿ ಇದ್ದೂ ಇಲ್ಲದಂತೆ. ಹಂದಿ ಕಾಟ ತಡೆಯಲಾಗದೆ ಮನೆಯ ಕರೆಂಟನ್ನೇ ಬೇಲಿಗೆ ಕೊಡುವವರಿದ್ದಾರೆ. ಅದು ಅಪರಾಧ, ಅದರಿಂದ ಜನ ಸತ್ತಿದ್ದಾರೆ.

ಮಳೆಗಾಲದಲ್ಲಿ ಇನ್ನೊಂದು ಅಪಾಯ ಇದೆ. ಗಾಳಿಗೆ ಹರಿದ ವಿದ್ಯುತ್ ಲೈನ್ ಎಲ್ಲೋ ದೂರದಲ್ಲಿ ತಂತಿಬೇಲಿಯ ಮೇಲೆ ಬಿದ್ದರೂ ಉದ್ದಕ್ಕೂ ಕರೆಂಟ್ ಹರಿಯಬಹುದು. ಅಂಥ ಅನುಮಾನ ಬಂದರೆ ಕೋಲಿನಿಂದಲೂ ಮುಟ್ಟಬೇಡಿ, ದನ, ಮಕ್ಕಳನ್ನು ದೂರ ಇಟ್ಟು ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಲೈನ್‌ಮ್ಯಾನ್ ಬಂದು ಲೈನ್ ಆಫ್ ಆಗಿದೆ ಎಂದು ಹೇಳುವವರೆಗೆ ಬೇಲಿಯ ಹತ್ತಿರ ಹೋಗಬೇಡಿ.