ಸಾಮಾನ್ಯ ಖಾತೆಯಿಂದ ರೂಟ್ ಅಧಿಕಾರಕ್ಕೆ: ಕಳ್ಳದಾರಿ ಮುಚ್ಚುವುದು ಹೇಗೆ?

ಸಾಮಾನ್ಯ ಬಳಕೆದಾರನಾಗಿ ಲಾಗಿನ್ ಆದವನು, ಅಥವಾ ಅಂಥ ಖಾತೆಯಡಿ ಓಡುತ್ತಿರುವ ಪ್ರೋಗ್ರಾಂ, ಯಾರ ಅನುಮತಿಯೂ ಇಲ್ಲದೆ, ಇಡೀ ಯಂತ್ರದ ಮೇಲೆ ಹಿಡಿತ ಕೊಡುವ ರೂಟ್ ಅಥವಾ ಅಡ್ಮಿನಿಸ್ಟ್ರೇಟರ್ ಅಧಿಕಾರಕ್ಕೆ ಏರಲು ಎಡೆಮಾಡಿಕೊಡುವ ದೋಷವೇ ಲೋಕಲ್ ಪ್ರಿವಿಲೆಜ್ ಎಸ್ಕಲೇಶನ್. ದಾಳಿಕೋರ ಮೊದಲೇ ಒಳಗಿರಬೇಕಲ್ಲ ಎಂದು ಇದನ್ನು ಹಗುರವಾಗಿ ಕಾಣುವವರಿದ್ದಾರೆ. ಆದರೆ ವೆಬ್ ಅಪ್ಲಿಕೇಶನ್ನಿನ ಸಣ್ಣ ತೂತಿನಿಂದ ನುಸುಳಿದವನಿಗೆ ಇಡೀ ಯಂತ್ರ ವಶವಾಗುವುದು ಬಹುಪಾಲು ಇಂಥ ದೋಷದಿಂದಲೇ.

2022ರ ಜನವರಿಯಲ್ಲಿ ಬಯಲಾದ ಪೋನ್‌ಕಿಟ್ (ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2021-4034) ಇದಕ್ಕೆ ಒಳ್ಳೆಯ ಉದಾಹರಣೆ. ಲಿನಕ್ಸ್‌ನಲ್ಲಿ ಯಾರಿಗೆ ಯಾವ ಅಧಿಕಾರವೆಂದು ನಿರ್ಧರಿಸುವ ಪೋಲ್‌ಕಿಟ್ ಪ್ಯಾಕೇಜಿನಲ್ಲಿರುವ ಪಿಕೆಎಕ್ಸೆಕ್ ಎಂಬ ಪ್ರೋಗ್ರಾಂ, ತನಗೆ ಒಂದು ಆರ್ಗ್ಯುಮೆಂಟೂ (ಓಡಿಸುವಾಗ ಕೊಡುವ ಮಾಹಿತಿ) ಬಾರದಿದ್ದಾಗ ಆರ್ಗ್ಯುಮೆಂಟ್ ಪಟ್ಟಿಯ ಗಡಿ ದಾಟಿ, ಮೆಮೊರಿಯಲ್ಲಿ ಪಕ್ಕದಲ್ಲಿರುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು (ಪ್ರೋಗ್ರಾಂಗೆ ಸಿಗುವ ಪರಿಸರದ ಸೆಟ್ಟಿಂಗ್‌ಗಳು) ಓದಿ, ಅಲ್ಲೇ ಬರೆಯುತ್ತಿತ್ತು. 2009ರಿಂದಲೂ ಇದ್ದ ತಪ್ಪು ಇದು.

ಮೊದಲ ಹೆಜ್ಜೆ, ನಿಮ್ಮ ಯಂತ್ರಕ್ಕೆ ದೋಷ ತಟ್ಟಿದೆಯೇ ಎಂದು ತಿಳಿಯುವುದು. ಇಲ್ಲಿ ಆವೃತ್ತಿ ಸಂಖ್ಯೆ ನೋಡಿ ಮೋಸಹೋಗುವುದು ಸುಲಭ. ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ನಂಥ ಲಿನಕ್ಸ್ ವಿತರಣೆಗಳು (ಡಿಸ್ಟ್ರೋಗಳು) ಹೊಸ ಆವೃತ್ತಿಯನ್ನು ತರುವ ಬದಲು ಹಳೆಯದಕ್ಕೇ ತೇಪೆ ಹಚ್ಚುತ್ತವೆ. ಉಬುಂಟು 20.04ರಲ್ಲಿ ದುರಸ್ತಿಯಾದ ಮೇಲೂ ಪೋಲ್‌ಕಿಟ್‌ನ ಮೂಲ ಸಂಖ್ಯೆ 0.105 ಆಗಿಯೇ ಉಳಿದು, ಅದರ ಬಳಿಕ ವಿತರಣೆ ಸೇರಿಸುವ ಸಂಖ್ಯೆಯಷ್ಟೇ ಬದಲಾಯಿತು. ಆದ್ದರಿಂದ ಸುದ್ದಿಯಲ್ಲಿ ಓದಿದ ಸಂಖ್ಯೆಯನ್ನು ಬಿಟ್ಟು, ನಿಮ್ಮ ವಿತರಣೆಯ ಭದ್ರತಾ ಪ್ರಕಟಣೆಯಲ್ಲಿರುವ ಪೂರ್ಣ ಪ್ಯಾಕೇಜ್ ಸಂಖ್ಯೆಯೊಂದಿಗೆ ಹೋಲಿಸಿ.

ಅಪ್‌ಡೇಟ್ ಲಭ್ಯವಿದ್ದರೆ ಕೂಡಲೇ ಹಾಕಿ. ಇನ್ನೂ ಬಂದಿಲ್ಲವಾದರೆ ತಾತ್ಕಾಲಿಕ ತಡೆ ಬೇಕು. ಪಿಕೆಎಕ್ಸೆಕ್ ಫೈಲಿನ ಅನುಮತಿಗಳನ್ನು ತೆರೆದು ನೋಡಿದರೆ, ಮಾಲೀಕನ ಮೂರು ಅಕ್ಷರಗಳಲ್ಲಿ ಕೊನೆಯದು 'ಎಕ್ಸ್' ಆಗಿರದೆ 'ಎಸ್' ಆಗಿರುತ್ತದೆ. ಯಾರು ಓಡಿಸಿದರೂ ರೂಟ್ ಅಧಿಕಾರದಲ್ಲೇ ಓಡಲಿ ಎಂಬ ಸೆಟ್‌ಯುಐಡಿ ಗುರುತು ಅದು. ಅನುಮತಿಯನ್ನು 0755 ಎಂದು ಬದಲಿಸಿದರೆ ಆ ಗುರುತು ಅಳಿದು ದಾಳಿಯ ದಾರಿ ಮುಚ್ಚುತ್ತದೆ. ಪಿಕೆಎಕ್ಸೆಕ್ ಅನ್ನು ನೆಚ್ಚಿಕೊಂಡ ಕೆಲಸಗಳು ಅಷ್ಟು ಕಾಲ ನಿಲ್ಲುತ್ತವೆ, ಅದನ್ನು ಸಹಿಸಿಕೊಳ್ಳುವುದೇ ಲೇಸು.

ದೋಷ ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲಿದ್ದರೆ ಕೆಲಸ ಬೇರೆ. ಡರ್ಟಿ ಪೈಪ್ (ಸಿವಿಇ-2022-0847) ಎಂಬ ದೋಷ ಲಿನಕ್ಸ್ ಕರ್ನಲ್ 5.8ರಿಂದ ಇದ್ದು, 5.16.11, 5.15.25 ಮತ್ತು 5.10.102ರಲ್ಲಿ ಸರಿಯಾಯಿತು. ಹೊಸ ಕರ್ನಲ್ ಡಿಸ್ಕಿಗೆ ಇಳಿದ ಮಾತ್ರಕ್ಕೆ ಏನೂ ಆಗಲಿಲ್ಲ. ಓಡುತ್ತಿರುವ ಕರ್ನಲ್‌ಗೇ ತೇಪೆ ಹಚ್ಚುವ ಲೈವ್ ಪ್ಯಾಚಿಂಗ್ ವ್ಯವಸ್ಥೆ ಇಲ್ಲದಿದ್ದರೆ, ರೀಬೂಟ್ ಮಾಡುವವರೆಗೆ ಮೆಮೊರಿಯಲ್ಲಿ ಓಡುತ್ತಿರುವುದು ಹಳೆಯದೇ. ಅಪ್‌ಡೇಟ್ ಆಗಿದೆ ಎಂಬ ಸಂದೇಶವನ್ನು ನಂಬಿ ತಿಂಗಳುಗಟ್ಟಲೆ ರೀಬೂಟ್ ಮಾಡದ ಸರ್ವರ್ ದುರಸ್ತಿಯಾಗಿಲ್ಲವೆಂದೇ ಲೆಕ್ಕ. ಯುನೇಮ್ ಆದೇಶಕ್ಕೆ 'ಆರ್' ಆಯ್ಕೆ ಕೊಟ್ಟು, ಓಡುತ್ತಿರುವ ಕರ್ನಲ್ ಯಾವುದೆಂದು ಕಣ್ಣಾರೆ ನೋಡಿ. ಕಂಟೇನರ್‌ಗಳು (ಪ್ರೋಗ್ರಾಂಗಳನ್ನು ಪ್ರತ್ಯೇಕವಾಗಿ ಓಡಿಸುವ ಆವರಣಗಳು) ತಮ್ಮನ್ನು ಹೊತ್ತ ಹೋಸ್ಟ್ ಯಂತ್ರದ ಕರ್ನಲ್ಲನ್ನೇ ಹಂಚಿಕೊಳ್ಳುವುದರಿಂದ, ಕಂಟೇನರ್ ಒಳಗೆ ಎಷ್ಟು ಅಪ್‌ಡೇಟ್ ಮಾಡಿದರೂ ಈ ಬಗೆಯ ದೋಷ ಹೋಗದು.

ವಿಂಡೋಸ್‌ನಲ್ಲೂ ಅಪ್‌ಡೇಟ್ ಒಂದೇ ಸಾಲದ ಸಂದರ್ಭಗಳಿವೆ. 2021ರ ಸಿವಿಇ-2021-36934ರಲ್ಲಿ, ಪಾಸ್‌ವರ್ಡ್ ಹ್ಯಾಶ್‌ಗಳಿರುವ (ಪಾಸ್‌ವರ್ಡ್‌ಗಳ ಗೂಢರೂಪ) ಸ್ಯಾಮ್ ಫೈಲಿನ ಶ್ಯಾಡೋ ಪ್ರತಿಗಳನ್ನು (ವಿಂಡೋಸ್ ತೆಗೆದಿಡುವ ಹಿಂದಿನ ಸ್ಥಿತಿಯ ನಕಲುಗಳು) ಸಾಮಾನ್ಯ ಬಳಕೆದಾರರೂ ಓದಬಹುದಿತ್ತು. ಅಪ್‌ಡೇಟ್ ಹಾಕಿದ ಮೇಲೂ ಆ ಹಳೆಯ ಪ್ರತಿಗಳನ್ನು ಕೈಯಾರೆ ಅಳಿಸಲೇಬೇಕೆಂದು ಮೈಕ್ರೋಸಾಫ್ಟ್ ಸೂಚಿಸಿತ್ತು.

ಕೊನೆಗೆ, ದಾರಿ ಮುಚ್ಚುವ ಮೊದಲೇ ಯಾರಾದರೂ ಒಳಹೊಕ್ಕಿದ್ದರೇ ಎಂದು ಪರಿಶೀಲಿಸಿ. ಬಳಕೆದಾರ ಸಂಖ್ಯೆ 0 ಇರುವ ಖಾತೆ ರೂಟ್ ಅಲ್ಲದೆ ಬೇರೊಂದಿದೆಯೇ, ಸೆಟ್‌ಯುಐಡಿ ಗುರುತಿನ ಅಪರಿಚಿತ ಫೈಲುಗಳಿವೆಯೇ, ನಿಗದಿತ ಹೊತ್ತಿಗೆ ತಾನೇ ಓಡುವ ಕೆಲಸಗಳ ಕ್ರಾನ್ ಪಟ್ಟಿಯಲ್ಲಿ, ಯಾರು ರೂಟ್ ಆಗಿ ಆದೇಶ ಓಡಿಸಬಹುದೆಂಬ ಸುಡೋ ನಿಯಮಗಳಲ್ಲಿ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೀಲಿಗಳಲ್ಲಿ ಹೊಸದೇನಾದರೂ ಸೇರಿದೆಯೇ ನೋಡಿ. ಪೋನ್‌ಕಿಟ್ ದಾಳಿಯ ಕೆಲವು ವಿಧಾನಗಳು ಲಾಗ್‌ನಲ್ಲಿ ಸುಳಿವು ಬಿಡುತ್ತವೆ, ಆದರೆ ಸುಳಿವೇ ಬಿಡದಂತೆಯೂ ದಾಳಿ ಸಾಧ್ಯವಿರುವುದರಿಂದ ಸ್ವಚ್ಛವಾದ ಲಾಗ್ ಪುರಾವೆಯಾಗುವುದಿಲ್ಲ. ಬಲವಾದ ಅನುಮಾನ ಬಂದರೆ ಯಂತ್ರವನ್ನು ನೆಟ್‌ವರ್ಕ್‌ನಿಂದ ಬಿಡಿಸಿ, ತನಿಖೆಗಾಗಿ ಡಿಸ್ಕಿನ ಪ್ರತಿ ತೆಗೆದಿಟ್ಟುಕೊಂಡು, ಶುದ್ಧವೆಂದು ಖಚಿತವಿರುವ ಮೂಲದಿಂದ ಮರುಸ್ಥಾಪಿಸಿ, ಅದರಲ್ಲಿದ್ದ ಪಾಸ್‌ವರ್ಡ್ ಮತ್ತು ಕೀಲಿಗಳೆಲ್ಲವನ್ನೂ ಬದಲಿಸಬೇಕಾಗುತ್ತದೆ.