ಎಂಜಿನ್ ತೊಳೆದ ಮೇಲೆ ಶುರುವಾದ ಮಿಸ್ಸಿಂಗ್

ಬಾನೆಟ್ ಎತ್ತಿ ಎಂಜಿನ್ ತೊಳೆದ ಬೆನ್ನಿಗೇ ಕಾರು ಮುಗ್ಗರಿಸತೊಡಗಿತು. ಸ್ಟಾರ್ಟ್ ಆಗುತ್ತಿತ್ತು, ಆದರೆ ಐಡ್ಲಿಂಗ್‌ನಲ್ಲಿ ಸ್ಟೀರಿಂಗ್‌ವರೆಗೂ ನಡುಕ. ಆಕ್ಸಿಲರೇಟರ್ ಒತ್ತಿದರೆ ಪಿಕಪ್ ಇಲ್ಲ. ಚೆಕ್ ಎಂಜಿನ್ ದೀಪ ಮಿನುಗುತ್ತಿತ್ತು. ಅದು ಒಂದೇ ಸಮನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗಿದರೆ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು, ಅದೇ ಮಿಸ್ಸಿಂಗ್) ಜೋರಾಗಿದೆ, ಉರಿಯದ ಪೆಟ್ರೋಲ್ ಮುಂದೆ ಹೋಗಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡಬಹುದು ಎಂದು ಅರ್ಥ. ಓಡಿಸಿದರೆ ತಾನಾಗಿಯೇ ಒಣಗುತ್ತದೆ ಎಂಬ ಸಲಹೆಗೆ ಕಿವಿಗೊಡದೆ ಎಂಜಿನ್ ಆರಿಸಿದೆ.

ತೊಳೆದ ಕೂಡಲೇ ಬಂದ ತೊಂದರೆಗೆ ಮೊದಲೇ ಪೆಟ್ರೋಲ್ ಪಂಪಿನ ಮೇಲೆ ಅನುಮಾನಪಡುವುದರಲ್ಲಿ ಅರ್ಥವಿಲ್ಲ. ನೀರು ಎಲ್ಲಿ ನಿಂತಿದೆ, ಕೈ ತಗುಲಿ ಯಾವುದು ಸಡಿಲವಾಗಿದೆ ಎಂದು ನೋಡಬೇಕು. ವ್ಯಾಕ್ಯೂಮ್ ಹೋಸ್‌ಗಳನ್ನೂ ಸೆನ್ಸರ್ ಕನೆಕ್ಟರ್‌ಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದೆ, ಎಲ್ಲವೂ ಗಟ್ಟಿಯಾಗಿದ್ದವು. ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿದಾಗ ಪಿ0302 ಕೋಡ್ ಬಂತು, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಪಿ0300 ಬಂದಿದ್ದರೆ ಇಂಥದೇ ಸಿಲಿಂಡರ್ ಎಂದು ಬೊಟ್ಟುಮಾಡಲಾಗದೆ ಹುಡುಕಾಟ ಉದ್ದವಾಗುತ್ತಿತ್ತು.

ಆ ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಎತ್ತಿದರೆ, ಪ್ಲಗ್ಗಿನ ಮೇಲೆ ಕೂರುವ ಅದರ ರಬ್ಬರ್ ಬೂಟ್ ಒದ್ದೆ, ಪ್ಲಗ್ ಕುಳಿತ ಗುಂಡಿಯಲ್ಲಿ ಕೆಸರು ನೀರು. ಇಲ್ಲಿ ಅವಸರ ಸಲ್ಲದು. ನೀರಿರುವಾಗಲೇ ಪ್ಲಗ್ ಬಿಚ್ಚಿದರೆ ಮರಳಿನ ಸಮೇತ ಅದು ಸಿಲಿಂಡರಿನೊಳಗೆ ಇಳಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕಂಪ್ರೆಸರ್ ಗಾಳಿಯಿಂದ ಗುಂಡಿಯನ್ನು ಪೂರ್ತಿ ಒಣಗಿಸಿದ ಮೇಲೆಯೇ ಪ್ಲಗ್ ತೆಗೆದೆ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್‌ನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ! ಕಿಡಿ ತುದಿಯ ಗ್ಯಾಪಿನಲ್ಲಿ ಹಾರದೆ, ಪಿಂಗಾಣಿಯ ಹೊರಮೈ ಮೇಲೆ ಹರಿದು ಲೋಹಕ್ಕೆ ಇಳಿದ ದಾರಿ ಅದು. ಒಮ್ಮೆ ಇಂಗಾಲದ ಈ ಜಾಡು ಮೂಡಿತೆಂದರೆ ನೀರು ಒಣಗಿದರೂ ಕಿಡಿ ಅದೇ ದಾರಿ ಹಿಡಿಯಬಹುದು.

ಹೊಸ ಪ್ಲಗ್ ಹಾಕಿದೆ. ಐಡ್ಲಿಂಗ್ ಸರಿಯಾಯಿತು, ಆದರೆ ಏರಿನಲ್ಲಿ ಮಿಸ್ಸಿಂಗ್ ಉಳಿಯಿತು. ಕಾಯಿಲ್ ದುಬಾರಿ ಭಾಗ. ಊಹೆಯ ಮೇಲೆ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲ್‌ಗಳನ್ನು ಬೂಟ್ ಸಮೇತ ಅದಲುಬದಲು ಮಾಡಿ, ಕೋಡ್ ಅಳಿಸಿ ಓಡಿಸಿದೆ. ಈ ಸಲ ಬಂದದ್ದು ಪಿ0303. ದೋಷ ಕಾಯಿಲ್‌ನ ಜೊತೆಗೇ ಹೋಗಿತ್ತು. ಬೂಟಿನ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಅಲ್ಲೂ ಅದೇ ಕಪ್ಪು ಗೆರೆ. ಬೂಟ್ ಬಿಡಿಯಾಗಿ ಸಿಗುವ ಮಾದರಿಯಾದ್ದರಿಂದ ಅದನ್ನಷ್ಟೇ ಬದಲಿಸಿ, ಒಳಗೆ ತೆಳುವಾಗಿ ವಿದ್ಯುತ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ಸವರಿದೆ. ಮತ್ತೆ ಅದೇ ಏರು ಹತ್ತಿಸಿದಾಗ ಕಾರು ಎಲ್ಲೂ ಮುಗ್ಗರಿಸಲಿಲ್ಲ, ಕೋಡೂ ಮರಳಲಿಲ್ಲ.