ಮೊಳೆ ಹೊಡೆಯದೆ ಮನೆ ಸಿಂಗಾರ

ಮಂಗಳೂರಿನ ಬಾಡಿಗೆ ಫ್ಲ್ಯಾಟಿಗೆ ಇಬ್ಬರು ಯಜಮಾನರು. ಒಬ್ಬರು, "ಗೋಡೆಗೆ ಮೊಳೆ ಹೊಡೆಯಬಾರದು ಆಯಿತಾ" ಎಂದು ಹೇಳಿ ಕೀಲಿಕೈ ಕೊಡುವವರು. ಇನ್ನೊಬ್ಬರು ಮಳೆರಾಯ. ನಾನು ಮೊದಲಿನವರ ಮಾತನ್ನು ಮಾತ್ರ ಕೇಳಿದೆ. ಅಂಟುವ ಹುಕ್ಕಿಗೆ ತೂಗುಹಾಕಿದ್ದ ಅಜ್ಜಿಯ ಫೋಟೊ ಜುಲೈ ತಿಂಗಳ ಒಂದು ನಡುರಾತ್ರಿ ದೊಪ್ಪನೆ ಬಿತ್ತು. ಹುಕ್ಕಿನ ಜೊತೆ ಅಂಗೈಯಗಲ ಬಣ್ಣವೂ ಕಿತ್ತು ಬಂದಿತ್ತು. ಅಜ್ಜಿ ಬೆಳಗಿನವರೆಗೂ ಒಡೆದ ಗಾಜಿನ ಮೇಲೆ ಬೋರಲು ಮಲಗಿದ್ದರು.

ಆದ್ದರಿಂದ ಏನನ್ನೂ ಕೊಳ್ಳುವ ಮೊದಲು ಗೋಡೆಯನ್ನು ಪರೀಕ್ಷಿಸಿ. ಅಂಗೈಯಷ್ಟು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಬಿಗಿಯಾಗಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ನೀರಹನಿ ಕಂಡರೆ ತೇವ ಗೋಡೆಯೊಳಗಿನಿಂದಲೇ ಬರುತ್ತಿದೆ ಎಂದರ್ಥ; ಹೊರಬದಿಯಲ್ಲಿ ಕಂಡರೆ ಅದು ಗಾಳಿಯದ್ದು. ಕಡಲ ಕಡೆಯಿಂದ ಬೀಸುವ ಮಳೆಗೆ ಮೈಯೊಡ್ಡುವ ಪಡುಗೋಡೆ ಸಾಮಾನ್ಯವಾಗಿ ಇದರಲ್ಲಿ ಫೇಲ್. ಆ ಗೋಡೆಯನ್ನು ಖಾಲಿ ಬಿಡಿ, ಕಪಾಟನ್ನೂ ಅದರಿಂದ ಎರಡು ಇಂಚು ದೂರ ನಿಲ್ಲಿಸಿ.

ಹುಕ್ಕು ಅಂಟಿಸಲು ಡಿಸ್ಟೆಂಪರ್ ಬಳಿದ ಗೋಡೆ ಬೇಡವೇ ಬೇಡ; ಬೆರಳಾಡಿಸಿದರೆ ಪುಡಿ ಹತ್ತುವ ಗೋಡೆ ಫೋಟೊದ ಭಾರ ಹೊರುವುದಿಲ್ಲ. ಕಪಾಟಿನ ಬದಿ, ಬಾಗಿಲ ಹಲಗೆ, ಅಡುಗೆಮನೆಯ ಟೈಲ್ಸ್ ಆಗುತ್ತದೆ. ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಹುಕ್ಕನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ಗಂಟೆ ಕಳೆದ ಮೇಲೆ ಭಾರ ಹಾಕಿ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆಯ ಚೂರು ಅಂಟಿಸಿದರೆ ಗಾಳಿಯಾಡುತ್ತದೆ, ಬೂಷ್ಟು ಅಷ್ಟು ಬೇಗ ಹತ್ತುವುದಿಲ್ಲ. ನನ್ನ ಅಜ್ಜಿ ಈಗ ಹೊಸ ಗಾಜಿನೊಳಗೆ, ಪುಸ್ತಕದ ಕಪಾಟಿನ ಮೇಲೆ ಒರಗಿ ಕುಳಿತಿದ್ದಾರೆ.

ಇನ್ನು ಕಿಟಕಿಯ ಪರದೆ. ಬಾಡಿಗೆ ಮನೆಗೆ ನಿಮ್ಮ ಗುರುತು ಕೊಡುವುದು ಇದೇ, ಖರ್ಚು ಮಾತ್ರ ದರ್ಜಿಯ ಕೂಲಿಯಷ್ಟೆ. ಅಮ್ಮ ಉಟ್ಟು ಬಿಟ್ಟ ಹತ್ತಿಯ ಸೀರೆಯನ್ನು ಕೇಳಿ ಪಡೆಯಿರಿ. ಕಿನ್ನಿಗೋಳಿಯ ಮಗ್ಗದಲ್ಲಿ ನೇಯುವಂಥ ಉಡುಪಿ ಸೀರೆಯಾದರೆ ಭಾಗ್ಯ. ಐದೂವರೆ ಮೀಟರ್ ಎಂದರೆ ಹದಿನೆಂಟು ಅಡಿ. ಆರಾರು ಅಡಿಯ ಮೂರು ತುಂಡು. ಸೀರೆಯ ಉದ್ದವನ್ನೇ ಪರದೆಯ ಎತ್ತರ ಮಾಡಿ, ಆಗ ಅಂಚು ಎರಡೂ ಬದಿಯಲ್ಲಿ ಮೇಲಿನಿಂದ ಕೆಳಗೆ ಇಳಿಯುತ್ತದೆ. ಮೇಲೆ ಸರಳು ತೂರಿಸಲು ಮೂರು ಇಂಚು ಮಡಚಿ ಹೊಲಿಸಿ, ಕೆಳಗೆ ನಾಲ್ಕು ಇಂಚು. ಸೆರಗಿರುವ ತುಂಡನ್ನು ಸೆರಗು ಕೆಳಗೆ ಬರುವಂತೆ ನಡುವೆ ಹಾಕಿ. ದರ್ಜಿ ಒಳಗೆ ಅಸ್ತರಿ ಕೊಡಲೇ ಎಂದು ಕೇಳಿಯೇ ಕೇಳುತ್ತಾನೆ, ಬೇಡ ಎನ್ನಿ: ತುಳುನಾಡಿನ ಮಳೆತಿಂಗಳು ಆಟಿಯಲ್ಲಿ ಅದು ವಾರವಾದರೂ ಒಣಗುವುದಿಲ್ಲ. ಸರಳಿಲ್ಲದ ಕಿಟಕಿಗೆ, ಚೌಕಟ್ಟಿನ ಎರಡು ಬದಿಗೆ ಒತ್ತಿ ನಿಲ್ಲುವ ಸ್ಪ್ರಿಂಗ್ ಸರಳು ಸಾಕು, ಡ್ರಿಲ್ ಬೇಕಿಲ್ಲ.

ಸಂಜೆ ಬಿಳಿ ಟ್ಯೂಬ್‌ಲೈಟ್ ಆರಿಸಿ ನೋಡಿ. ಸಾಮಾನ್ಯವಾಗಿ 6500 ಕೆಲ್ವಿನ್‌ನ ಆ ಬೆಳಕು ಮನೆಯನ್ನು ಬ್ಯಾಂಕಿನ ಕೌಂಟರ್ ಮಾಡಿಬಿಡುತ್ತದೆ. ಪೊಟ್ಟಣದ ಮೇಲೆ 2700 ಕೆಲ್ವಿನ್ ಎಂದು ಬರೆದಿರುವ, ಹಳದಿ ಬೆಳಕಿನ ಐದು ವಾಟಿನ ಎಲ್‌ಇಡಿ ಬಲ್ಬನ್ನು ಬೆತ್ತದ ಸಣ್ಣ ಬುಟ್ಟಿಯೊಳಗೆ ಇಳಿಬಿಟ್ಟು, ಕಿಟಕಿಯ ಕಂಬಿಗೆ ತೂಗುಹಾಕಿ. ಗೋಡೆಯ ಮೇಲೆ ಹೆಣಿಗೆಯ ನೆರಳು ಬೀಳುತ್ತದೆ. ಬುಟ್ಟಿ ಹೊಸದೇ ಇರಲಿ. ಮೀನು ತಂದ ಬುಟ್ಟಿಯನ್ನು ಎಷ್ಟು ತೊಳೆದರೂ ಬೂತಾಯಿಯ ನೆನಪು ಉಳಿಯುತ್ತದೆ.

ನೆಲಕ್ಕೆ ಕಾರ್ಪೆಟ್ ಹಾಸಬೇಡಿ. ಮುಂಡೇವಿನ, ಅಂದರೆ ಕೇದಗೆ ಜಾತಿಯ ಗಿಡದ ಎಲೆಯ ಚಾಪೆ ಸಾಕು, ತೇವ ಹೆಚ್ಚಾದ ದಿನ ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಬಹುದು. ಹಾಗೆಯೇ, ಹಳೆಯ ಮನೆ ಕೆಡವುವುದನ್ನು ಕಂಡರೆ ಇಳಿದು ವಿಚಾರಿಸಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಈ ಊರಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯ ಮುದ್ರೆಯಿರುವ ಹೆಂಚು ಸಿಕ್ಕಿದರೆ ಬಿಡಬೇಡಿ. ಉಜ್ಜಿ ತೊಳೆದು ಮುದ್ರೆ ಎದುರಿಗೆ ಕಾಣುವಂತೆ ನಿಲ್ಲಿಸಿದರೆ ಪುಸ್ತಕಗಳಿಗೆ ಗಟ್ಟಿ ಆಸರೆ. ಕಾಂಪೌಂಡ್ ಗೋಡೆಯ ಮೇಲೂ ಜರೀಗಿಡ ಹುಟ್ಟುವ ಊರಿನಲ್ಲಿ ಜನ ಪ್ಲಾಸ್ಟಿಕ್ ಬಳ್ಳಿ ಕೊಳ್ಳುವುದೇಕೋ ನನಗೆ ಅರ್ಥವಾಗಿಲ್ಲ. ನೆರೆಮನೆಯಿಂದ ಒಂದು ಗೇಣು ಮನಿಪ್ಲಾಂಟ್ ತಂದು ನೀರಿನ ಬಾಟಲಿಗೆ ಹಾಕಿ. ವಾರಕ್ಕೊಮ್ಮೆ ನೀರು ಬದಲಿಸಿ, ಇಲ್ಲವಾದರೆ ಸೊಳ್ಳೆ.

ಮನೆ ಬಿಡುವ ದಿನ ಹುಕ್ಕನ್ನು ನಿಮ್ಮ ಕಡೆಗೆ ಎಳೆಯಬೇಡಿ. ಎಳೆದರೆ ಬಿಡುವ ಅಂಟುಪಟ್ಟಿಯ ಹುಕ್ಕಾದರೆ, ಹಿಂದಿನ ಆ ಪಟ್ಟಿಯ ತುದಿ ಹಿಡಿದು, ಮೇಲ್ಮೈಗೆ ಒರಗಿಸಿಕೊಂಡೇ ನೇರ ಕೆಳಕ್ಕೆ ನಿಧಾನವಾಗಿ ಎಳೆಯಿರಿ. ಅದು ರಬ್ಬರಿನಂತೆ ಉದ್ದವಾಗುತ್ತಾ ಹೋಗಿ, ತಾನಾಗಿಯೇ ಬಿಡುತ್ತದೆ.